ಬಾದಾಮಿಯೇ ಇಲ್ಲದ ಬಾದಾಮಿ ಕೇಕಿಗೆ ಲೈಕ್ ಒತ್ತಬೇಡಿ

(1/8)

ಈ ವಾರ ನಿಮ್ಮ ಫೀಡಲ್ಲೂ ಬಂದಿರುತ್ತೆ. "ಒರಿಜಿನಲ್ ಇಟಾಲಿಯನ್ ಆಲ್ಮಂಡ್ ಕೇಕ್! ಮೊಟ್ಟೆ ಬೇಡ, ಓವನ್ ಬೇಡ, ಐದೇ ನಿಮಿಷ!" ಹಿಂದೆ ಅಕಾರ್ಡಿಯನ್ ಸಂಗೀತ ಬೇರೆ. ವಿಡಿಯೋ ನಿಲ್ಲಿಸಿ ಒಂದೊಂದೇ ಸಾಮಾನು ನೋಡಿ. ಒಂದೂವರೆ ಕಪ್ ಮೈದಾ, ಅರ್ಧ ಡಬ್ಬ ಕಂಡೆನ್ಸ್ಡ್ ಮಿಲ್ಕ್, ಅಡುಗೆ ಎಣ್ಣೆ, ಬೇಕಿಂಗ್ ಪೌಡರ್. ಕೊನೆಗೆ ಬೆರಳುದ್ದದ ಬಾಟಲಿಯಿಂದ ನಾಲ್ಕು ಹನಿ ಬಾದಾಮಿ ಎಸೆನ್ಸ್. ಮೇಲೆ ಉದುರಿಸೋಕೆ ಎಂಟು ಹತ್ತು ಬಾದಾಮಿ ಚೂರು.

ಇದು ಬಾದಾಮಿ ಕೇಕ್ ಅನ್ನೋದಾದ್ರೆ, ಮೇಲೆ ಒಂದು ಗೋಡಂಬಿ ಇಟ್ಟ ಕೇಸರಿಬಾತನ್ನ ಗೋಡಂಬಿ ಬಾತ್ ಅಂತ ಕರೀಬೇಕು.

ಜಗಳ ಆಡೋಕೇ ಬಂದಿದ್ದೀನಿ, ಮುಚ್ಚುಮರೆ ಇಲ್ಲ. ಎಂಟು ಪೋಸ್ಟ್ ಇದೆ. ರೆಸಿಪಿ ಮಾತ್ರ ಬೇಕಾದವರು ಸೀದಾ ಏಳಕ್ಕೆ ಹೋಗಿ. ಆದ್ರೆ ಐದನೇದು ಓದದೆ ದಯವಿಟ್ಟು ಯಾರಿಗೂ ಕೇಕ್ ಮಾಡಿ ಕೊಡಬೇಡಿ.

(2/8)

ಮೊದಲು ಅಸಲಿ ಯಾವುದು ನೋಡೋಣ.

ಇಟಲಿಯಲ್ಲಿ ಬಾದಾಮಿ ಕೇಕ್ ಅಂದ್ರೆ ಒಂದೇ ಕೇಕ್ ಅಲ್ಲ, ಊರಿಗೊಂದಿದೆ. ನಾನು ಹೇಳ್ತಿರೋದು ತೋರ್ತಾ ಕಪ್ರೇಸೆ ಬಗ್ಗೆ. ತೋರ್ತಾ ಅಂದ್ರೆ ಕೇಕ್, ಕಪ್ರೇಸೆ ಅಂದ್ರೆ ಕಾಪ್ರಿಯದ್ದು. ನೇಪಲ್ಸ್ ಕೊಲ್ಲಿಯಲ್ಲಿ ಹತ್ತು ಚದರ ಕಿಲೋಮೀಟರ್ ಚಿಲ್ಲರೆ ಇರೋ ಸಣ್ಣ ದ್ವೀಪ ಈ ಕಾಪ್ರಿ. (ಟೊಮ್ಯಾಟೊ, ಮೊಜರೆಲ್ಲಾ ಜೋಡಿಸಿಡೋ ಸಲಾಡಿಗೂ ಅದೇ ದ್ವೀಪದ ಹೆಸರು. ಗೊಂದಲ ಬೇಡ.)

ಇದರೊಳಗೆ ಇರೋದು ಐದೇ ಸಾಮಾನು. ಬಾದಾಮಿ, ಡಾರ್ಕ್ ಚಾಕೊಲೇಟ್, ಬೆಣ್ಣೆ, ಸಕ್ಕರೆ, ಮೊಟ್ಟೆ. ಮೈದಾ ಇಲ್ಲ. "ಕಮ್ಮಿ ಮೈದಾ" ಅಲ್ಲ, ಇಲ್ಲವೇ ಇಲ್ಲ. ಹೊರಗೆ ತೆಳ್ಳಗೆ ಗರಿಗರಿ ಪದರ, ಒಳಗೆ ಒದ್ದೆಒದ್ದೆ. ಬೇಯುವಾಗ ಉಬ್ಬುತ್ತೆ, ಆರುವಾಗ ಕುಸಿಯುತ್ತೆ, ಮೇಲೆ ಬಿರುಕು ಬಿಡುತ್ತೆ. ಆಮೇಲೆ ಅದನ್ನ ಬೋರಲು ಹಾಕಿ ಐಸಿಂಗ್ ಶುಗರ್ ಉದುರಿಸ್ತಾರೆ, ಅಷ್ಟೇ ಅಲಂಕಾರ. ಕ್ರೀಮ್ ಗುಲಾಬಿ ಇಲ್ಲ, ಚಿನ್ನದ ರೇಕು ಇಲ್ಲ.

ನೋಡೋಕೆ ಬಡಪಾಯಿ ಥರ ಇರುತ್ತೆ. ಅದಕ್ಕೇ ರೀಲಿಗೆ ಹೊಂದಲ್ಲ, ಅದಕ್ಕೇ ರೀಲಿನವರು ಅದನ್ನ ಸ್ಪಂಜ್ ಮಾಡಿಬಿಡ್ತಾರೆ.

(3/8)

"ಹಾಗಾದ್ರೆ ನೀನೂ ಆ ಅಥೆಂಟಿಕ್ ಗ್ಯಾಂಗಾ?" ಅಂತ ಕೇಳ್ತೀರಿ. ಅಲ್ಲ ಗುರು. ಆ ಗ್ಯಾಂಗ್ ಮೇಲೂ ನನಗೆ ಸಿಟ್ಟಿದೆ.

ಈ ಕೇಕಿನ ಬಗ್ಗೆ ಎರಡು ಕತೆ ಓಡಾಡ್ತಿವೆ. ಒಂದು: ನೇಪಲ್ಸ್ ರಾಣಿ ಮರಿಯಾ ಕರೋಲಿನಾ ಆಸ್ಟ್ರಿಯಾದ ಮಗಳು, ಅವಳಿಗೆ ತವರಿನ ಝಾಖರ್ ಕೇಕ್ ನೆನಪಾಯ್ತು, ಅಡುಗೆಯವರು ಅದನ್ನ ಮಾಡೋಕೆ ಹೋಗಿ ಇದು ಹುಟ್ಟಿತು. ಕೇಳೋಕೆ ಚೆನ್ನಾಗಿದೆ. ಆದ್ರೆ ಝಾಖರ್ ಕೇಕ್ ಹುಟ್ಟಿದ್ದು ವಿಯೆನ್ನಾದಲ್ಲಿ, 1832ರಲ್ಲಿ ಅಂತ ವಿಯೆನ್ನಾದವರೇ ಹೇಳ್ತಾರೆ. ರಾಣಿ ಸತ್ತಿದ್ದು 1814ರಲ್ಲಿ. ಸತ್ತು ಹದಿನೆಂಟು ವರ್ಷ ಆದಮೇಲೆ ಹುಟ್ಟಿದ ಕೇಕ್ ಅವಳಿಗೆ ಹೇಗೆ ನೆನಪಾಯ್ತೋ!

ಎರಡನೇ ಕತೆ ಇನ್ನೂ ಮಜಾ. 1920ರಲ್ಲಿ ಕಾಪ್ರಿಯ ಬೇಕರಿಯವನೊಬ್ಬ ಅಲ್ ಕಪೋನೆಯ ಕಡೆಯವರಿಗೆ ಕೇಕ್ ಮಾಡುವಾಗ ಹೆದರಿ ಹಿಟ್ಟು ಹಾಕೋದನ್ನೇ ಮರೆತನಂತೆ. 1920ರಲ್ಲಿ ಕಪೋನೆಗೆ ಇಪ್ಪತ್ತೊಂದು ವರ್ಷ. ಶಿಕಾಗೋದಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡ್ತಿದ್ದ ಹುಡುಗ, ನಾಯಕ ಆಗಿದ್ದು 1925ರಲ್ಲಿ. ಹೆಸರೇ ಆಗದವನ ಹೆಸರಿಗೆ ಕಾಪ್ರಿಯಲ್ಲಿ ಕೈ ನಡುಗಿತು ಅಂದ್ರೆ ನಂಬೋಕೆ ನನಗಂತೂ ಕಷ್ಟ.

ಎರಡೂ ಕತೆ ಪ್ರವಾಸಿಗಳಿಗೆ ಕೇಕಿನ ಜೊತೆ ಫ್ರೀ ಕೊಡೋ ಸಾಮಾನು. ಇಟಲಿಯಲ್ಲೇ ಆಲ್ಬರ್ಟೋ ಗ್ರಾಂಡಿ ಅನ್ನೋ ಇತಿಹಾಸದ ಪ್ರೊಫೆಸರ್ ಇದ್ದಾರೆ, ಪಾರ್ಮಾ ವಿಶ್ವವಿದ್ಯಾಲಯದಲ್ಲಿ. "ಶತಮಾನಗಳ ಪರಂಪರೆ" ಅಂತ ಮಾರೋ ಇಟಲಿ ಅಡುಗೆಗಳಲ್ಲಿ ಬಹಳಷ್ಟು ಮೊನ್ನೆಮೊನ್ನೆಯವು ಅಂತ 2018ರಲ್ಲಿ ಪುಸ್ತಕ ಬರೆದು ಅಲ್ಲಿನವರಿಂದಲೇ ಬೈಸಿಕೊಂಡವರು.

ಹಾಗಾಗಿ "ಪರಂಪರೆ ಕೆಡಿಸಬೇಡಿ" ಅಂತ ನಾನು ಹೇಳ್ತಿಲ್ಲ. ಪರಂಪರೆ ಬದಲಾಗಲಿ, ಏಲಕ್ಕಿ ಹಾಕಿ, ಕಿತ್ತಳೆ ಸಿಪ್ಪೆ ತುರಿದು ಹಾಕಿ, ಯಾವ ಇಟಲಿಯವನಿಗೂ ನೀವು ಉತ್ತರ ಕೊಡಬೇಕಾಗಿಲ್ಲ. ನನ್ನ ತಕರಾರು ಬೇರೆ. ಹೆಸರಲ್ಲಿ ಬಾದಾಮಿ ಇದ್ರೆ ಕೇಕಲ್ಲಿ ಬಾದಾಮಿ ಇರಬೇಕು. "ಹಿಟ್ಟಿಲ್ಲದ್ದು" ಅಂತ ಬರೆದ್ರೆ ಹಿಟ್ಟು ಇರಬಾರದು. ಇಷ್ಟೇ.

(4/8)

ಈಗ ಆ ಸಣ್ಣ ಬಾಟಲಿ ವಿಷಯ.

ಮನೇಲಿ ಬಾದಾಮಿ ಇದ್ರೆ ಈಗಲೇ ಒಂದು ಬಾಯಿಗೆ ಹಾಕಿ ಅಗಿಯಿರಿ. ಎಸೆನ್ಸ್ ವಾಸನೆ ಬಂತಾ? ಬರಲ್ಲ. ಹಾಲಿನ ಥರ, ಸ್ವಲ್ಪ ಮರದ ಥರ, ಸಣ್ಣಗೆ ಸಿಹಿ. ಅಷ್ಟೇ.

ಎಸೆನ್ಸಿನ ಆ ಗಾಢ ವಾಸನೆ ಬೆಂಜಾಲ್ಡಿಹೈಡ್ ಅನ್ನೋ ರಾಸಾಯನಿಕದ್ದು. ಪಿಯುಸಿ ಕೆಮಿಸ್ಟ್ರಿ ನೆನಪು ಮಾಡ್ಕೊಳ್ಳಿ, ಬೆಂಜೀನ್ ಉಂಗುರಕ್ಕೆ ಒಂದು ಆಲ್ಡಿಹೈಡ್ ಗುಂಪು. ಅದು ಸಿಗೋದು ಕಹಿ ಬಾದಾಮಿಯಲ್ಲಿ, ಏಪ್ರಿಕಾಟ್ ಮತ್ತು ಪೀಚ್ ಹಣ್ಣಿನ ಬೀಜದ ತಿರುಳಲ್ಲಿ. ಕಾರ್ಖಾನೆಯಲ್ಲಿ ಟಾಲೀನ್‌ನಿಂದಲೂ ಮಾಡ್ತಾರೆ. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಅಂತ ಇರುತ್ತೆ, ಅದು ಒಡೆದಾಗ ಈ ವಾಸನೆಯ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬರುತ್ತೆ. ಅದಕ್ಕೇ ಕಹಿ ಬಾದಾಮಿಯನ್ನ ಹಸಿಯಾಗಿ ತಿನ್ನಬಾರದು. ಎಸೆನ್ಸ್ ಮಾರೋವಾಗ ಸಯನೈಡ್ ತೆಗೆದಿರ್ತಾರೆ, ನಾಲ್ಕು ಹನಿಗೆ ನೀವು ಸಾಯಲ್ಲ. ಭಯ ಹುಟ್ಟಿಸೋದು ನನ್ನ ಉದ್ದೇಶ ಅಲ್ಲ.

ನನ್ನ ಉದ್ದೇಶ ಇದು: ನಾವು ತಿನ್ನೋ ಸಿಹಿ ಬಾದಾಮಿಗೆ ಆ ವಾಸನೆ ಇರೋದೇ ಇಲ್ಲ ಅನ್ನುವಷ್ಟು ಕಮ್ಮಿ. ಅಂದ್ರೆ ಕೇಕ್ ಡಬ್ಬಿ ತೆಗೆದ ಕೂಡಲೇ "ಆಹಾ ಬಾದಾಮಿ!" ಅಂತ ಘಮ್ಮಂದ್ರೆ ಖುಷಿಪಡಬೇಡಿ, ಅನುಮಾನ ಪಡಿ. ಬಾದಾಮಿ ಮೂಗಿಗೆ ಬರೋ ಸಾಮಾನಲ್ಲ, ಹಲ್ಲಿಗೆ ಸಿಗೋ ಸಾಮಾನು.

ಇನ್ನೊಂದು ಮೋಸ ಚಾಕೊಲೇಟಿಂದು. ಅಂಗಡಿಯಲ್ಲಿ ಸಿಗೋ "ಡಾರ್ಕ್ ಕಾಂಪೌಂಡ್" ಇಟ್ಟಿಗೆಯಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯ ಕೊಬ್ಬು ಇರುತ್ತೆ. ಪ್ಯಾಕೆಟ್ ಹಿಂದೆ ಅವರೇ ಬರೆದಿರ್ತಾರೆ, ನಾವು ತಿರುಗಿಸಿ ಓದಲ್ಲ. ಯುರೋಪಲ್ಲಿ ಚಾಕೊಲೇಟ್ ಅನ್ನೋ ಹೆಸರಿಟ್ಟುಕೊಂಡು ಬೇರೆ ಸಸ್ಯ ಕೊಬ್ಬನ್ನ 5%ವರೆಗೆ ಮಾತ್ರ ಹಾಕಬಹುದು, ಅದನ್ನೂ ಲೇಬಲ್ ಮೇಲೆ ಹೇಳಬೇಕು. ಇಟಲಿಗೆ ಅದೂ ಸಾಲದೆ, ಪೂರ್ತಿ ಕೋಕೋ ಬೆಣ್ಣೆದಕ್ಕೆ "ಶುದ್ಧ ಚಾಕೊಲೇಟ್" ಅಂತ ಬೇರೆ ಹೆಸರು ಬೇಕು ಅಂತ ಹಟ ಹಿಡಿದು, 2010ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತಿತು. ಸೋತಿದ್ದು ಬಿಡಿ. ಒಂದು ಪದಕ್ಕೋಸ್ಕರ ಒಂದು ದೇಶ ಕೋರ್ಟ್ ಮೆಟ್ಟಿಲು ಹತ್ತಿತು ಅನ್ನೋದನ್ನ ನೋಡಿ. ನಾವಿಲ್ಲಿ "ಏನೋ ಒಂದು ಹೆಸರು ಇಟ್ಟವ್ರೆ, ಬಿಡು ಮಚ್ಚಾ" ಅಂತೀವಿ.

(5/8)

"ಬಿಡು ಮಚ್ಚಾ" ಅನ್ನೋಕೆ ಆಗಲ್ಲ. ಯಾಕೆ ಅಂತ ಕೇಳಿ.

ನಮ್ಮ ಬ್ಯಾಚಲ್ಲೇ ಒಬ್ಬಳಿದ್ದಾಳೆ, ಹೆಸರು ಹೇಳಲ್ಲ, ಅವಳಿಗೆ ಕೇಳಿಯೇ ಬರೀತಿದ್ದೀನಿ. ಅವಳಿಗೆ ಸೀಲಿಯಕ್ ಕಾಯಿಲೆ. ಗೋಧಿ, ಮೈದಾ, ರವೆ, ಬಾರ್ಲಿ, ಇವುಗಳಲ್ಲಿರೋ ಗ್ಲುಟೆನ್ ಹೊಟ್ಟೆಗೆ ಹೋದ್ರೆ ಅವಳ ದೇಹ ತನ್ನ ಸಣ್ಣ ಕರುಳಿನ ಒಳಪದರದ ಮೇಲೆ ತಾನೇ ಯುದ್ಧಕ್ಕೆ ನಿಲ್ಲುತ್ತೆ. ಇದು "ಗ್ಲುಟೆನ್ ಬಿಟ್ರೆ ತೆಳ್ಳಗಾಗ್ತಾರಂತೆ" ಅನ್ನೋ ಫ್ಯಾಶನ್ ಅಲ್ಲ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಬದುಕಿರೋವರೆಗೂ ಗ್ಲುಟೆನ್ ಬಿಡೋದೊಂದೇ ಔಷಧಿ. ಹೋಟೆಲ್ ಸಾಂಬಾರ್ ಕೂಡ ಅವಳು ಕೇಳಿಯೇ ತಿನ್ನೋದು, ಯಾಕಂದ್ರೆ ನಾವು ಬಳಸೋ ಡಬ್ಬಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಬೆರೆಸಿರ್ತಾರೆ. ನಿಮ್ಮ ಮನೆ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಗೊತ್ತಾಗುತ್ತೆ.

ಬರ್ತ್‌ಡೇ ಪಾರ್ಟಿಗಳಲ್ಲಿ ಎಲ್ಲರೂ ಕೇಕ್ ತಿನ್ನುವಾಗ ಇವಳು ಫೋಟೋ ತೆಗೀತಾಳೆ. ಕಳೆದ ವರ್ಷ ಯಾರೋ ಪುಣ್ಯಾತ್ಮರು ಯೋಚನೆ ಮಾಡಿ, ಆನ್‌ಲೈನಲ್ಲಿ ಹುಡುಕಿ, ಅವಳಿಗೋಸ್ಕರವೇ "ಫ್ಲೋರ್‌ಲೆಸ್ ಇಟಾಲಿಯನ್ ಆಲ್ಮಂಡ್ ಕೇಕ್" ತರಿಸಿದ್ರು. ಅವಳು ಎರಡು ಸಲ ಕೇಳಿದ್ಲು, ಮೈದಾ ಇಲ್ವಾ ಅಂತ. ಮಾರಿದವರು "ಇಲ್ಲ ಮೇಡಂ, ಪೂರ್ತಿ ಬಾದಾಮಿ" ಅಂದ್ರು. ಎರಡು ತುಂಡು ತಿಂದ್ಲು. ಖುಷಿಯಾಗಿ ತಿಂದ್ಲು. ಆಮೇಲೆ ಇಂಟರ್ನಲ್ಸ್ ಬಿಟ್ಟು ಒಂದು ವಾರ ಮಲಗಿದ್ಲು. ಮತ್ತೆ ಫೋನ್ ಮಾಡಿ ಜೋರು ಮಾಡಿದಾಗ ಬಂದ ಉತ್ತರ: "ಸ್ವಲ್ಪ ಹಾಕ್ತೀವಿ ಮೇಡಂ, ಇಲ್ದಿದ್ರೆ ನಿಲ್ಲಲ್ಲ."

"ಸ್ವಲ್ಪ". ನಮ್ಮ ದೇಶದ ನಿಯಮದಲ್ಲಿ ಗ್ಲುಟೆನ್‌ಫ್ರೀ ಅಂತ ಬರೆಯೋಕೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಚಿಟಿಕೆ ಉಪ್ಪು ಎಷ್ಟು ತೂಗುತ್ತೆ ಅಂತ ಒಂದ್ಸಲ ತೂಕ ಹಾಕಿ ನೋಡಿ, ಆಮೇಲೆ "ಸ್ವಲ್ಪ ಮೈದಾ" ಅನ್ನಿ.

ಇಟಲಿಯಲ್ಲಿ 2005ರಿಂದ ಸೀಲಿಯಕ್ ಇರೋರಿಗೆ ಅಂತಲೇ ಒಂದು ಕಾನೂನಿದೆ, ಗ್ಲುಟೆನ್ ಇಲ್ಲದ ಊಟ ಕೊಳ್ಳೋಕೆ ಸರ್ಕಾರ ತಿಂಗಳಿಗೆ ಇಷ್ಟು ಅಂತ ನೆರವು ಕೊಡುತ್ತೆ. ಪಾಸ್ತಾ, ಪಿಜ್ಜಾ ಎರಡೂ ಗೋಧಿಯೇ ಆಗಿರೋ ದೇಶದಲ್ಲಿ, ಇದು ಹುಟ್ಟಿದಾಗಿಂದ ಹಿಟ್ಟಿಲ್ಲದ ಕೇಕ್. ಅವಳಂಥವರು ಹೆದರದೆ ಕೈ ಚಾಚಬಹುದಾದ ಕೇಕ್. ಆ ಒಂದು ಹೆಸರನ್ನೂ ಮೈದಾಗೆ ಅಂಟಿಸಿದ್ರೆ ಅವಳಿಗೆ ಉಳಿಯೋದು ಏನು?

ಇದರ ಇನ್ನೊಂದು ತುದಿಯೂ ಇದೆ. ಬಾದಾಮಿ ಅಲರ್ಜಿ ಇರೋರು ಅಸಲಿ ಕೇಕ್ ತಿಂದ್ರೆ ಜೀವಕ್ಕೇ ಅಪಾಯ ಆಗಬಹುದು. ಎಸೆನ್ಸ್ ಕೇಕ್ ತಿಂದು "ನಂಗೆ ಬಾದಾಮಿ ಕೇಕ್ ಆಗುತ್ತೆ" ಅಂದುಕೊಂಡವನು ಒಂದಿನ ಅಸಲಿ ತಿಂದ್ರೆ? ಹೆಸರು ಸುಳ್ಳಾದ್ರೆ ಎರಡೂ ಕಡೆಯವರಿಗೂ ಏಟು.

(6/8)

"ಬಾದಾಮಿ ದುಬಾರಿ, ಸ್ಟೂಡೆಂಟ್ಸ್ ಕೈಗೆಟುಕಲ್ಲ." ಕಮೆಂಟಲ್ಲಿ ಅತಿ ಹೆಚ್ಚು ಬರೋ ಮಾತು. ಸರಿ, ಲೆಕ್ಕ ಹಾಕೋಣ.

ಅರ್ಧ ಕಿಲೋಗೆ ಸ್ವಲ್ಪ ಮೇಲೆ ಬರೋ ಕೇಕಿಗೆ ಬೇಕಾದ ಬಾದಾಮಿ 125 ಗ್ರಾಂ. ನಮ್ಮ ಬೀದಿ ದಿನಸಿ ಅಂಗಡಿ ದರದಲ್ಲಿ ನೂರಾ ಹತ್ತು ಇಪ್ಪತ್ತು ರೂಪಾಯಿ. ಡಾರ್ಕ್ ಚಾಕೊಲೇಟ್ 100 ಗ್ರಾಂ, ನೂರೈವತ್ತರ ಆಸುಪಾಸು. ಬೆಣ್ಣೆ ಅರವತ್ತು. ಮೂರು ಮೊಟ್ಟೆ, ಸಕ್ಕರೆ ಸೇರಿ ಮೂವತ್ತು. ಎಲ್ಲಾ ಕೂಡಿದ್ರೆ ಮುನ್ನೂರೈವತ್ತು, ಕರೆಂಟ್ ಬೇರೆ. ನಿಮ್ಮೂರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಎಂಟು ಜನಕ್ಕೆ ಒಂದೊಂದು ತುಂಡು ಬರುತ್ತೆ, ತಲೆಗೆ ನಲವತ್ತೈದು ರೂಪಾಯಿ ಕೂಡ ಬೀಳಲ್ಲ. ಇದೇ ಹೆಸರಿನ ಮೈದಾ ಕೇಕಿಗೆ ನೀವೇ ಅರ್ಧ ಕಿಲೋಗೆ ಆರುನೂರು ಕೊಟ್ಟಿದ್ದೀರಿ, ಸ್ಟೋರಿ ಬೇರೆ ಹಾಕಿದ್ರಿ.

ಮತ್ತೆ "ಆಲ್ಮಂಡ್ ಫ್ಲೋರ್" ಅಂತ ಚಂದದ ಪ್ಯಾಕೆಟಲ್ಲಿ ಬರೋದನ್ನ ತಗೋಬೇಡಿ. ನಿಮ್ಮನೇಲಿ ಮಿಕ್ಸಿ ಇಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮನೆಯಿಂದ ಕೇಕ್ ಮಾರೋ ಅಕ್ಕಂದಿರ ಮೇಲೆ ಇದು ದಾಳಿ ಅಲ್ಲ. ಅಡುಗೆಮನೆಯಿಂದಲೇ ದುಡಿದು ಮಕ್ಕಳ ಫೀಸ್ ಕಟ್ಟೋರಿದ್ದಾರೆ. ಬಾದಾಮಿ ಹಾಕಿ, ಕೂಲಿ ಸೇರಿಸಿ, ಎಂಟುನೂರು ಕೇಳಿದ್ರೆ ಚೌಕಾಸಿ ಮಾಡದೆ ಕೊಡಿ. ಇಪ್ಪತ್ತು ರೂಪಾಯಿ ಮೈದಾಗೆ ಬಾದಾಮಿ ಬೆಲೆ ಕೇಳೋರ ಬಗ್ಗೆ ನಾನು ಹೇಳ್ತಿರೋದು. ಪ್ರಾಮಾಣಿಕವಾಗಿ ಮಾಡೋ ಅಕ್ಕನ ವ್ಯಾಪಾರ ಹಾಳಾಗ್ತಿರೋದೂ ಇವರಿಂದಲೇ.

ಇನ್ನು ನಿಜವಾಗಲೂ ದುಡ್ಡಿಲ್ಲ ಅಂದ್ರೆ? ಶೇಂಗಾ ಹಾಕಿ! ತಮಾಷೆ ಅಲ್ಲ. ಉತ್ತರ ಇಟಲಿಯ ಪೀಡ್ಮಾಂಟ್‌ನಲ್ಲಿ ಹೇಝಲ್‌ನಟ್ ಬೆಳೆಯುತ್ತೆ, ಅಲ್ಲಿನವರು ಹೇಝಲ್‌ನಟ್ ಕೇಕ್ ಮಾಡ್ತಾರೆ, ಹಾಗಂತಲೇ ಕರೀತಾರೆ. ಮಾಂಟುವಾದಲ್ಲಿ ಜೋಳದ ಹಿಟ್ಟು ಬೆರೆಸಿದ ಸ್ಬ್ರಿಸೊಲೋನಾ ಅಂತ ಇದೆ, ಪುಡಿಪುಡಿಯಾಗಿರೋದ್ರಿಂದ ಚಾಕು ಹಾಕದೆ ಕೈಯಲ್ಲೇ ಮುರೀತಾರೆ. ಪುಲಿಯಾ, ಸಿಸಿಲಿಯಲ್ಲಿ ಬಾದಾಮಿ ಮರಗಳಿವೆ, ಹಾಗಾಗಿ ದಕ್ಷಿಣದ ಸಿಹಿಗಳಲ್ಲಿ ಬಾದಾಮಿ. ಎಲ್ಲರೂ ಕೈಗೆ ಸಿಕ್ಕಿದ್ದನ್ನ ಹಾಕಿದ್ರು. ಚಳ್ಳಕೆರೆ ಶೇಂಗಾ ಹುರಿದು ಪುಡಿ ಮಾಡಿ ಇದೇ ಅಳತೆಯಲ್ಲಿ ಹಾಕಿ, ಶೇಂಗಾ ಚಾಕೊಲೇಟ್ ಕೇಕ್ ಅಂತ ಕರೀರಿ. ನಾನೇ ಮೊದಲು ಬಂದು ತಿಂತೀನಿ.

(7/8)

ಸೇವ್ ಮಾಡ್ಕೊಳ್ಳಿ. ಏಳು ಇಂಚಿನ ಟಿನ್, ಸಾಧಾರಣ ಓಟಿಜಿ ಸಾಕು.

ಬಾದಾಮಿ 125 ಗ್ರಾಂ, ಡಾರ್ಕ್ ಚಾಕೊಲೇಟ್ 100 ಗ್ರಾಂ (55% ಕೋಕೋ ಅಥವಾ ಮೇಲೆ), ಬೆಣ್ಣೆ 100 ಗ್ರಾಂ, ಸಕ್ಕರೆ 100 ಗ್ರಾಂ, ಮೊಟ್ಟೆ 3. ಉಪ್ಪಿನ ಬೆಣ್ಣೆ ಆದ್ರೆ ಬೇರೆ ಉಪ್ಪು ಬೇಡ.

ಬಾದಾಮಿಯನ್ನ ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಹುರೀರಿ. ಆಮೇಲೆ ಪೂರ್ತಿ ಆರಬೇಕು. ಇಲ್ಲೇ ಎಲ್ಲರೂ ಅವಸರ ಮಾಡೋದು. ಬಾದಾಮಿಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆ. ಬಿಸಿ ಇದ್ದಾಗ ಮಿಕ್ಸಿಗೆ ಹಾಕಿದ್ರೆ ಎಣ್ಣೆ ಬಿಟ್ಟು ಚಟ್ನಿ ಆಗುತ್ತೆ. ಆರಿದ ಮೇಲೆ, ಅಳೆದಿಟ್ಟ ಸಕ್ಕರೆಯಲ್ಲೇ ಎರಡು ಚಮಚ ಸೇರಿಸಿ, ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ಮೂರು ಸೆಕೆಂಡ್. ಹದ ಹೇಗಿರಬೇಕು ಅಂದ್ರೆ ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ. (ಹದಕ್ಕೆ ಹೇಳಿದ್ದು, ರವೆ ಹಾಕಬೇಡಿ ಮಾರಾಯ್ರೆ.)

ಚಾಕೊಲೇಟ್, ಬೆಣ್ಣೆಯನ್ನ ಒಂದು ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆ ಮೇಲಿಟ್ಟು ಕರಗಿಸಿ. ಒಂದು ಹನಿ ನೀರೂ ಒಳಗೆ ಬೀಳಬಾರದು. ಉಗುರುಬೆಚ್ಚಗಾಗೋವರೆಗೆ ಆರಿಸಿ.

ಮೊಟ್ಟೆಯ ಹಳದಿ, ಬಿಳಿ ಬೇರೆ ಮಾಡಿ. ಹಳದಿಗೆ ಉಳಿದ ಸಕ್ಕರೆ ಹಾಕಿ ಬಣ್ಣ ತಿಳಿಯಾಗೋವರೆಗೆ ಕಡೀರಿ, ಅದಕ್ಕೆ ಚಾಕೊಲೇಟ್, ಆಮೇಲೆ ಬಾದಾಮಿ ಪುಡಿ. ಬಿಳಿ ಭಾಗವನ್ನ ಒಣಗಿದ, ಎಣ್ಣೆ ಜಿಡ್ಡಿಲ್ಲದ ಪಾತ್ರೆಯಲ್ಲಿ ನೊರೆ ಬರಿಸಿ. ಬೀಟರ್ ಎತ್ತಿದ್ರೆ ನೊರೆಯ ತುದಿ ಮೆಲ್ಲಗೆ ಬಾಗಬೇಕು, ಗಟ್ಟಿಯಾಗಿ ನಿಲ್ಲಬಾರದು. ಇದನ್ನ ಮೂರು ಕಂತಲ್ಲಿ ಸೇರಿಸಿ, ಕೆಳಗಿನಿಂದ ಮೇಲಕ್ಕೆ ಮಗುಚಿ. ಜೋರಾಗಿ ಕಲಸಿದ್ರೆ ಗಾಳಿ ಹೋಗುತ್ತೆ, ಈ ಕೇಕಿಗೆ ಉಬ್ಬೋಕೆ ಇರೋದು ಆ ಗಾಳಿ ಒಂದೇ.

ಟಿನ್ನಿಗೆ ಬೆಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್, ಮೇಲೆ ಕೋಕೋ ಪುಡಿ ಉದುರಿಸಿ. ಮೈದಾ ಉದುರಿಸಬೇಡಿ! ಎಷ್ಟೋ ಜನ "ಹಿಟ್ಟಿಲ್ಲದ ಕೇಕ್" ಮಾಡಿ ಟಿನ್ನಿಗೆ ಮೈದಾ ಬಳಿದಿರ್ತಾರೆ. ಐದನೇ ಪೋಸ್ಟ್ ನೆನಪಿರಲಿ. ಮಿಕ್ಸಿ ಜಾರ್, ಜರಡಿ, ಸೌಟು ಎಲ್ಲಾ ತೊಳೆದಿರಬೇಕು, ಬೆಳಿಗ್ಗೆ ಚಪಾತಿ ಲಟ್ಟಿಸಿದ ಕಟ್ಟೆ ಕೂಡ.

170 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಕಡ್ಡಿ ಚುಚ್ಚಿದ್ರೆ ಒಂದೆರಡು ಒದ್ದೆ ಪುಡಿ ಅಂಟಿರಬೇಕು. ಪೂರ್ತಿ ಒಣಗಿ ಬಂದ್ರೆ ಆಗಲೇ ತಡ ಆಗಿದೆ ಅಂತ ಅರ್ಥ. ಟಿನ್ನಲ್ಲೇ ಆರಲಿ. ನಡುವೆ ಕುಸಿಯುತ್ತೆ, ಹಿಟ್ಟಿನ ಆಸರೆ ಇಲ್ವಲ್ಲ. ಗಾಬರಿಯಾಗಿ ನಂಗೆ ಡಿಎಂ ಮಾಡಬೇಡಿ, ಅದಕ್ಕೇ ಬೋರಲು ಹಾಕೋದು. ಮಾರನೇ ದಿನ ಕತ್ತರಿಸಿದ್ರೆ ತುಂಡು ಚಂದ ಬರುತ್ತೆ, ಬೆಣ್ಣೆ ಮತ್ತು ಕೋಕೋ ಬೆಣ್ಣೆ ಅಷ್ಟೊತ್ತಿಗೆ ಗಟ್ಟಿಯಾಗಿರುತ್ತೆ.

(8/8)

"ಎಗ್‌ಲೆಸ್ ಪ್ಲೀಸ್." ಗೊತ್ತಿತ್ತು, ಬಂದೇ ಬರುತ್ತೆ ಅಂತ.

ಮೊಟ್ಟೆ ತಿನ್ನದಿರೋದು ನಿಮ್ಮಿಷ್ಟ, ಅದಕ್ಕೆ ನನ್ನ ಪೂರ್ತಿ ಗೌರವ ಇದೆ. ಆದ್ರೆ ಈ ಕೇಕಿನಲ್ಲಿ ಮೈದಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಉಬ್ಬಿಸೋದು, ಹಿಡಿದಿಡೋದು ಎರಡೂ ಮೊಟ್ಟೆಯದ್ದೇ ಕೆಲಸ. ಅದನ್ನ ತೆಗೆದ್ರೆ ಇದನ್ನ ನಿಲ್ಲಿಸೋಕೆ ಮೈದಾ ಬೇಕು, ಮೈದಾ ಬಂದ್ರೆ ಇದು ಬೇರೆ ಕೇಕ್. ಬೇರೆ ಕೇಕಿಗೆ ಬೇರೆ ಹೆಸರು ಇಡಿ, ಯಾರೂ ಬೇಡ ಅನ್ನಲ್ಲ.

ಮೊಟ್ಟೆ ಬೇಡದವರಿಗೆ ಇಟಲಿಯಲ್ಲೇ ಬಾದಾಮಿ ಸಿಹಿ ಇದೆ. ಸಿಸಿಲಿಯ ಪಲೆರ್ಮೋದಲ್ಲಿ ಮಾರ್ಟೊರಾನಾ ಅಂತ ಒಂದು ಕ್ರೈಸ್ತ ಸನ್ಯಾಸಿನಿಯರ ಮಠ ಇತ್ತು. ಬಾದಾಮಿ ಪುಡಿಯನ್ನ ಸಕ್ಕರೆ ಪಾಕದಲ್ಲಿ ಕಲಸಿ, ಹಣ್ಣಿನ ಆಕಾರ ಮಾಡಿ, ಬಣ್ಣ ಹಚ್ಚೋ ಮಿಠಾಯಿಗೆ ಇವತ್ತಿಗೂ ಆ ಮಠದ ಹೆಸರೇ ಇದೆ. ಓವನ್ನೂ ಬೇಡ. ನಮ್ಮ ಮಂಗಳೂರಿನ ಕ್ರಿಸ್‌ಮಸ್ ಕುಸ್ವಾರ್ ತಟ್ಟೆಯಲ್ಲಿ ಬರೋ ಗೋಡಂಬಿ ಮಾರ್ಜಿಪಾನ್ ನೋಡಿದವರಿಗೆ ಇದು ನೆಂಟರ ಮನೆ ತಿಂಡಿ ಥರ ಅನ್ನಿಸುತ್ತೆ. ಬಾದಾಮಿ ಬರ್ಫಿ ಮಾಡೋಕೆ ಬಂದವರಿಗೆ ಅರ್ಧ ಕೆಲಸ ಬಂದಂಗೇ.

ಈಗ ನಿಮಗೊಂದು ಕೆಲಸ. ಮುಂದಿನ ಸಲ "ಇಟಾಲಿಯನ್ ಆಲ್ಮಂಡ್ ಕೇಕ್" ರೀಲ್ ಬಂದಾಗ ಬೈಬೇಡಿ, ರಿಪೋರ್ಟ್ ಹೊಡೀಬೇಡಿ. ಕೆಳಗೆ ಎರಡೇ ಪ್ರಶ್ನೆ ಹಾಕಿ: ಬಾದಾಮಿ ಎಷ್ಟು ಗ್ರಾಂ? ಮೈದಾ ಎಷ್ಟು ಗ್ರಾಂ? ಆರ್ಡರ್ ಮಾಡೋ ಮುಂಚೆಯೂ ಇದೇ ಪ್ರಶ್ನೆ, ಫೋನಲ್ಲಿ ಅಲ್ಲ, ಮೆಸೇಜಲ್ಲಿ ಕೇಳಿ, ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಸರಿಯಾಗಿ ಉತ್ತರ ಕೊಟ್ಟವರನ್ನ ನನಗೆ ಟ್ಯಾಗ್ ಮಾಡಿ, ಮುಂದಿನ ತಿಂಗಳು ನಮ್ಮ ಬ್ಯಾಚಿನ ಸೆಂಡಾಫಿಗೆ ಅವರ ಹತ್ತಿರವೇ ಆರ್ಡರ್ ಕೊಡೋಣ. ಈ ಸಲ ಫೋಟೋ ತೆಗೆಯೋ ಡ್ಯೂಟಿ ಅವಳದ್ದಲ್ಲ, ನಂದು.

#ಬಾದಾಮಿಎಷ್ಟುಗ್ರಾಂ #ತೋರ್ತಾಕಪ್ರೇಸೆ #ಕನ್ನಡಬೇಕಿಂಗ್